ಘಾಟಿನ ಊರು, ಮುಚ್ಚಿದ ಕಿಟಕಿ

ಹಾವೇರಿಯ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಚಾಲುಕ್ಯರ ಕಾಲದ ಗುಡಿಗೆ ಈ ದಿಕ್ಕು ಯಾಕೆ ಎಂದು ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದಾರೆ. ನಾನು ಹುಡುಕಿ ಬಂದದ್ದು ಇನ್ನೊಂದು ಬಗೆಯ ಕಟ್ಟಡ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲಿ ಎಂದು ಕೇಳಿದರೆ ಆಟೊದವನು ‘ಬಿಲ್ ಕಟ್ಟೋದೈತೇನ್ರಿ?’ ಎಂದ. ಬ್ಯಾಡಗಿ ಬಸ್ ಹತ್ತಿದೆ.

ಊರಿಗಿಂತ ಮೊದಲು ಘಾಟು ಬಂತು. ಮೆಣಸಿನಕಾಯಿ ಚೀಲದ ಲಾರಿಗಳ ನಡುವೆ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಚಹಾದಂಗಡಿ ಹೊಕ್ಕೆ. ಗಿರ್ಮಿಟ್ ತಿನ್ನುತ್ತಿದ್ದ ಹಿರಿಯರೊಬ್ಬರು ಸರಿದು ಜಾಗ ಕೊಟ್ಟರು. ಹಿಂದೆ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರಂತೆ.

‘ಮುಂಬೈ ರೇಟ್ ಬೇಕಂದ್ರ ಟ್ರಂಕ್ ಕಾಲ್ ಬುಕ್ ಮಾಡಿ ಕುಂದ್ರಬೇಕಿತ್ರಿ. ಆರ್ಡಿನರಿ ಹಚ್ಚಿದ್ರ ಸಂಜಿ ಆತು. ಅರ್ಜೆಂಟಿಗೆ ಡಬಲ್ ರೊಕ್ಕ. ಲೈಟ್ನಿಂಗ್ ಅಂದ್ರ ಎಂಟು ಪಟ್ಟು, ಅದನ್ನ ಮಾಲಕರಷ್ಟ ಹಚ್ಚೋರು.’

‘ಅಷ್ಟರಾಗ ರೇಟ್ ಇಳಿದಿದ್ರ?’

‘ಆಪರೇಟರಿಗೆ ಬೈಯ್ಯೋದು,’ ಎಂದು ನಕ್ಕರು.

ಈ ಮೆಣಸಿನಕಾಯಿ ಧೂಳಿನಲ್ಲಿ ಕೂತಾಗಲೇ ಹಳೆಯ ಎಕ್ಸ್‌ಚೇಂಜುಗಳ ಬೋಳು ಮೋರೆ ನನಗೆ ಅರ್ಥವಾದದ್ದು. ಅವು ಮನುಷ್ಯರಿಗಲ್ಲ, ಯಂತ್ರಕ್ಕೆ ಕಟ್ಟಿದ ಮನೆಗಳು. ಕರೆಗಳನ್ನು ತಾನೇ ಜೋಡಿಸುತ್ತಿದ್ದ ಸ್ಟ್ರೌಜರ್ ಯಂತ್ರದ ಕಬ್ಬಿಣದ ಚೌಕಟ್ಟು ಆಳೆತ್ತರ ಮೀರಿದ್ದು, ಅದಕ್ಕೇ ಎತ್ತರದ ಚಾವಣಿ. ಅದರ ಭಾರಕ್ಕೆ ಗಟ್ಟಿ ನೆಲ, ಕೇಬಲ್ ಒಳಬರಲು ನೆಲದಡಿ ಕಾಲುವೆ, ಆಸಿಡ್ ಬ್ಯಾಟರಿಗಳಿಗೆ ಬೇರೆಯೇ ಕೋಣೆ. ನೀವು ತಿರುಗಿಸಿದ ಒಂದೊಂದು ಅಂಕಿಗೂ ಒಳಗೊಂದು ಲೋಹದ ತೋಳು ಟಕಟಕ ಹತ್ತಿ ಸರಿಯುತ್ತಿತ್ತು. ಅದರ ತುದಿಗೆ ಧೂಳು ಕೂತರೆ ಮಾತು ಕೆಟ್ಟಿತು. ಹಾಗಾಗಿ ಕಿಟಕಿ ಇದ್ದರೂ ಮುಚ್ಚಿಯೇ ಇರಬೇಕಿತ್ತು.

ಈ ವಾಸ್ತುವಿಗೆ ಮುಕ್ತಾಯ ಹಾಡಿದ್ದೂ ನಮ್ಮ ಸೀಮೆಯೇ. 1984ರಲ್ಲಿ ಹುಟ್ಟಿದ ಸರ್ಕಾರಿ ಟೆಲಿಫೋನ್ ತಂತ್ರಜ್ಞಾನ ಸಂಸ್ಥೆ ಸಿ-ಡಾಟ್ ತನ್ನ ಮೊದಲ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಕೂಡಿಸಿದ್ದು ಧಾರವಾಡದಾಚೆಯ ಕಿತ್ತೂರಿನಲ್ಲಿ. ನಮ್ಮ ಬಿಸಿಲು, ಧೂಳಿಗೆಂದೇ ಮಾಡಿದ ಅದಕ್ಕೆ ಎಸಿ ಬೇಡ, ಎತ್ತರದ ಚಾವಣಿಯೂ ಬೇಡ. ಸಣ್ಣದೊಂದು ಕೋಣೆ ಸಾಕು.

ರಾಣೆಬೆನ್ನೂರಿಗೆ ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಲಾಡ್ಜಿನವನು ಸೊಳ್ಳೆಗಳನ್ನು ಪುಕ್ಕಟೆ ಕೊಟ್ಟು, ಬಿಸಿನೀರಿಗೆ ಬೇರೆ ದುಡ್ಡು ಕೇಳಿದ.

ಗುಡಿಗೆ ಪಶ್ಚಿಮದ ಮುಖ ಯಾಕೆ ಎಂದು ಕೇಳುವ ನಾವು ಎಕ್ಸ್‌ಚೇಂಜಿನ ಮುಚ್ಚಿದ ಕಿಟಕಿಯ ಬಗ್ಗೆ ಕೇಳುವುದಿಲ್ಲ. ಅದಕ್ಕೆ ಉತ್ತರ ಹೇಳಬಲ್ಲವರು ಇನ್ನೂ ಬದುಕಿದ್ದಾರೆ. ನಿಮ್ಮ ಓಣಿಯಲ್ಲೂ ಒಬ್ಬ ನಿವೃತ್ತ ಲೈನ್‌ಮನ್ ಇದ್ದಾರು, ಕೇಳಿ.