ಹುಮನಾಬಾದಿನ ಪಿಗ್ಮಿ ಲೆಕ್ಕ: ದಿನಚರಿಯ ಪುಟಗಳು

ಡಿಸೆಂಬರ್ 8, 2025, ಸೋಮವಾರ. ಬಸವಕಲ್ಯಾಣ

ನಮ್ಮ ಸಹಕಾರಿಯ ಹುಮನಾಬಾದ್ ಶಾಖೆಯ ಪಿಗ್ಮಿ ಜಮೆ ಎರಡೆರಡು ಸಲ ಏರುತ್ತಿದೆ. ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ ಮೇಲೆ ಶುರುವಾದದ್ದು. ಎಲ್ಲ ಖಾತೆಗಳಲ್ಲೂ ಅಲ್ಲ, ಕೆಲವರದ್ದು ಮಾತ್ರ. ಮೊದಲು ಕಂಡುಹಿಡಿದದ್ದು ನಾವಲ್ಲ, ವೀರಭದ್ರೇಶ್ವರ ಗುಡಿಯ ಹತ್ತಿರ ಹೂ ಮಾರುವ ಅಮ್ಮ. ದಿನಕ್ಕೆ ಐವತ್ತು ರೂಪಾಯಿ ಕಟ್ಟುತ್ತಾರೆ. ಪಾಸ್‌ಬುಕ್ಕಿನಲ್ಲಿ ಒಂದೇ ತಾರೀಖಿಗೆ ಐವತ್ತರ ಕೆಳಗೆ ಇನ್ನೊಂದು ಐವತ್ತು. "ನಾ ಕೊಟ್ಟಿದ್ದು ಒಮ್ಮೆ. ಎರಡು ಸಲ ಯಾಕ ಬರದೀರಿ? ನಾಳಿ ನನ್ನ ಮ್ಯಾಲ ಬರಬಾರದ್ರಿ" ಅಂತ ಶಾಖೆಗೆ ಬಂದು ಹೇಳಿ ಹೋಗಿದ್ದಾರೆ. ತನ್ನದಲ್ಲದ ಐವತ್ತು ರೂಪಾಯಿ ವಾಪಸು ಕೊಡಲು ವ್ಯಾಪಾರ ಬಿಟ್ಟು ಬಂದವರು.

ಸಾಫ್ಟ್‌ವೇರ್ ಕೊಟ್ಟ ಬೆಂಗಳೂರಿನ ಕಂಪನಿಗೆ ಫೋನು ಹಚ್ಚಿದೆ. ಸಪೋರ್ಟಿನ ಹುಡುಗ ಒಳ್ಳೆಯವನೇ, ಆದರೆ ಅವಸರ. "ಮೇಡಂ, ಪೂರ್ತಿ ಡೇಟಾಬೇಸ್ ಬ್ಯಾಕಪ್ ಡ್ರೈವ್‌ಗೆ ಹಾಕಿ ಲಿಂಕ್ ಕಳ್ಸಿಬಿಡಿ. ಎಲ್ಲಾ ಸೊಸೈಟಿಯವ್ರೂ ಹಾಗೇ ಮಾಡ್ತಾರೆ." ನಾನು ಆಗುವುದಿಲ್ಲ ಎಂದೆ. ಬೇರೆ ದಾರಿ ಇದ್ದರೆ ಹೇಳಿ, ಇಲ್ಲದಿದ್ದರೆ ಮಾಡಿಕೊಡಿ ಎಂದೂ ಹೇಳಿದೆ. ಮೇಲಿನವರನ್ನು ಕೇಳಿ ಹೇಳುತ್ತಾನಂತೆ.

ಆ ಒಂದು ಫೈಲಿನಲ್ಲಿ ಏನೇನಿದೆ ಎಂದು ಅವನಿಗೆ ನೆನಪಿದೆಯೋ ಇಲ್ಲವೋ. ಸದಸ್ಯರ ಹೆಸರು, ಮನೆ ವಿಳಾಸ, ಆಧಾರ್, ಪ್ಯಾನ್, ಮೊಬೈಲ್ ನಂಬರು, ಫೋಟೋ, ಸಹಿ, ನಾಮಿನಿ. ಯಾರ ಮನೆಯ ಬಂಗಾರ ಎಷ್ಟು ಗ್ರಾಂ ನಮ್ಮ ತಿಜೋರಿಯಲ್ಲಿದೆ, ಯಾರ ಸಾಲ ಯಾವಾಗಿನಿಂದ ಬಾಕಿ ಇದೆ ಎಂಬುದೂ ಇದೆ. ಮನೆಯೊಳಗಿನವರಿಗೂ ಹೇಳದ ಸಂಗತಿಯನ್ನು ಜನ ನಮ್ಮ ಕೌಂಟರಿಗೆ ಬಂದು ಹೇಳಿರುತ್ತಾರೆ. ಈ ವರ್ಷದ ಅತಿವೃಷ್ಟಿಯಲ್ಲಿ ಬೆಳೆ ಹೋದ ಮೇಲೆ ಬಂಗಾರ ಅಡವಿಟ್ಟವರೇ ಎಷ್ಟು ಮಂದಿ.

ಡಿಸೆಂಬರ್ 9, ಮಂಗಳವಾರ

ಕಾರ್ಯದರ್ಶಿ ಕಾಕಾ ಬೆಳಗ್ಗೆಯೇ ಕರೆದರು. "ಏನವ್ವಾ, ಲಗೂ ರಿಪೇರಿ ಆಗೋದು ಬಿಟ್ಟು ಹಟ ಹಿಡದೀ ಅಂತಲ್ಲ?" ಸಿಟ್ಟಿರಲಿಲ್ಲ, ಚಿಂತೆ ಇತ್ತು. ಕಂಪನಿಯವರು ಕೈಬಿಟ್ಟರೆ ಸಹಕಾರಿಯ ದಿನದ ವಹಿವಾಟೇ ನಿಲ್ಲುತ್ತದೆ ಎಂಬುದು ಅವರ ಅಂಜಿಕೆ. ಅದು ಸುಳ್ಳೂ ಅಲ್ಲ.

ಅವರಿಗೆ ಕಳೆದ ವರ್ಷದ ಸಂಗತಿ ಹೇಳಿದೆ. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ರ್‍ಯಾನ್ಸಮ್‌ವೇರ್ ದಾಳಿ ಆಯಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಕಂಪನಿ ಅದು. ದೇಶದ ಚಿಲ್ಲರೆ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದನ್ನು ಆ ಜಾಲದಿಂದ ಬೇರೆ ಮಾಡಬೇಕಾಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ನಿಂತವು. ಮರುದಿನ ಸರಿಹೋಯಿತು, ಆದರೆ ಆ ಬ್ಯಾಂಕುಗಳು ತಾವಾಗಿ ಏನೂ ಮಾಡಿರಲಿಲ್ಲ. ತೊಂದರೆ ಹೊಕ್ಕಿದ್ದು ಸೇವೆ ಕೊಡುವವರ ಬಾಗಿಲಿನಿಂದ.

ಕಾನೂನಿನ ಮಾತೂ ಹೇಳಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಆಯಿತು, ಅದರ ನಿಯಮಗಳು ಮೊನ್ನೆ ನವೆಂಬರಿನಲ್ಲಷ್ಟೇ ಹೊರಬಿದ್ದಿವೆ. ಮುಖ್ಯ ಕಟ್ಟಳೆಗಳು ಪೂರ್ತಿ ಜಾರಿಯಾಗಲು 18 ತಿಂಗಳ ಅವಧಿ ಇದೆ. ಆದರೆ ಕಾಯ್ದೆಯಲ್ಲಿ ಒಂದು ಮಾತು ನಿಚ್ಚಳವಾಗಿದೆ: ಮಾಹಿತಿಯನ್ನು ಯಾರ ಕೈಗೆ ಕೊಟ್ಟು ಕೆಲಸ ಮಾಡಿಸಿದರೂ ಹೊಣೆ ಅದನ್ನು ಸಂಗ್ರಹಿಸಿದವರದ್ದೇ. ಕಾಯ್ದೆ ಬಂದಿರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಜನ ಆಧಾರ್ ಪ್ರತಿ ಕೊಟ್ಟದ್ದು ನಮ್ಮ ಮುಖ ನೋಡಿ. ಬೆಂಗಳೂರಿನ ಕಂಪನಿಯ ಹೆಸರೂ ಅವರಿಗೆ ಗೊತ್ತಿಲ್ಲ.

ಕಾಕಾ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆಯ್ತು, ಆದ್ರ ವಾರದಾಗ ಮುಗೀಬೇಕು" ಎಂದರು.

ಡಿಸೆಂಬರ್ 10, ಬುಧವಾರ. ಹುಮನಾಬಾದ್

ಬೆಳಗಿನ ಬಸ್ಸಿಗೆ ಬಂದೆ. ಹೆದ್ದಾರಿಯ ಎರಡೂ ಕಡೆ ತೊಗರಿ ಕಾಯಿ ಕಟ್ಟಿದೆ. ಮಳೆಗೆ ಉಳಿದ ಹೊಲಗಳಲ್ಲಿ ಮಾತ್ರ.

ಶಾಖೆಯಲ್ಲಿ ಪಿಗ್ಮಿ ಏಜೆಂಟ್ ಅಣ್ಣನನ್ನು ಕೂಡಿಸಿಕೊಂಡು ಯಂತ್ರದ ರಸೀದಿ ಸುರುಳಿಗಳನ್ನೂ ಕಂಪ್ಯೂಟರಿನ ನಮೂದುಗಳನ್ನೂ ಸಾಲುಸಾಲಾಗಿ ತಾಳೆ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಎಳೆ ಸಿಕ್ಕಿತು. ದುಪ್ಪಟ್ಟಾದ ಜಮೆಗಳೆಲ್ಲ ರೈಲ್ವೆ ಸ್ಟೇಷನ್ ಕಡೆಯ ಓಣಿಗಳವು, ಹಾಗೇ ಮಾಣಿಕನಗರದ ಒಂದು ಸಾಲಿನ ಅಂಗಡಿಗಳವು. "ಅಲ್ಲಿ ನೆಟ್ ಹಿಡಿಯಂಗಿಲ್ರಿ ಅಕ್ಕಾರ. ಮಷೀನ್ ಗಿರಗಿರ ತಿರಗತದ, ಆಮ್ಯಾಗ ತಾನೇ ಮತ್ತ ಕಳಸತದ" ಎಂದ. ರಸೀದಿ ನಂಬರು ಒಂದೇ, ತಾರೀಖು ಒಂದೇ, ಹಣ ಒಂದೇ. ಸರ್ವರ್‌ಗೆ ತಲುಪಿದ ವೇಳೆಯಲ್ಲಿ ಮಾತ್ರ ಎರಡು ಮೂರು ನಿಮಿಷದ ಅಂತರ. ಯಂತ್ರ ಒಮ್ಮೆ ಕಳಿಸಿದೆ, "ಮುಟ್ಟಿತು" ಎಂಬ ಉತ್ತರ ಬರದೇ ಇದ್ದಾಗ ಇನ್ನೊಮ್ಮೆ ಕಳಿಸಿದೆ. ಹಳೆ ಆವೃತ್ತಿ ಅದೇ ರಸೀದಿ ನಂಬರು ಮತ್ತೆ ಬಂದರೆ ಬಿಟ್ಟುಬಿಡುತ್ತಿತ್ತು, ಹೊಸದು ಸೇರಿಸಿಕೊಳ್ಳುತ್ತಿದೆ.

ಇಷ್ಟು ಗೊತ್ತಾದ ಮೇಲೆ ಪೂರ್ತಿ ಬ್ಯಾಕಪ್ ಯಾರಿಗೆ ಬೇಕು? ದೋಷ ಹುಡುಕುವವನಿಗೆ ಬೇಕಾದದ್ದು ರಸೀದಿ ನಂಬರು, ಯಂತ್ರದ ನಂಬರು, ತಾರೀಖು, ವೇಳೆ, ಮೊತ್ತ. ಹೂವಿನ ಅಮ್ಮನ ಹೆಸರು ಬೇಡ, ಆಧಾರ್ ಬೇಡ, ಫೋಟೋ ಬೇಡ. ಕಳಿಸುವ ದಾರಿ ಎಷ್ಟು ಭದ್ರ ಎಂಬ ಪ್ರಶ್ನೆಗಿಂತ ಮೊದಲಿನ ಪ್ರಶ್ನೆ ಇದೇ: ಇದರಲ್ಲಿ ಯಾವುದನ್ನು ಕಳಿಸದೇ ಇರಬಹುದು? ಕಳಿಸದ ಮಾಹಿತಿಯನ್ನು ದಾರಿಯಲ್ಲಿ ಯಾರೂ ಕದಿಯಲಾರರು, ಅವರ ಸರ್ವರಿನಲ್ಲಿ ಮರೆತು ಬಿದ್ದಿರಲೂ ಸಾಧ್ಯವಿಲ್ಲ.

ಸಂಜೆ ಅದೇ ಶಾಖೆಯಲ್ಲಿ ಕುಳಿತು ಬೇಕಾದ ಕಾಲಂಗಳನ್ನಷ್ಟೇ ಹೊರತೆಗೆದೆ. ಖಾತೆ ನಂಬರಿನ ಜಾಗದಲ್ಲಿ ನಾನೇ ಕೊಟ್ಟ ಕ್ರಮಸಂಖ್ಯೆ ಹಾಕಿದೆ. ಯಾವ ಕ್ರಮಸಂಖ್ಯೆ ಯಾರದ್ದು ಎಂಬ ಪಟ್ಟಿ ಮುದ್ರಿಸಿ ಮ್ಯಾನೇಜರ್ ಸಾಹೇಬರ ಕೈಯಿಂದಲೇ ತಿಜೋರಿಯಲ್ಲಿ ಇಡಿಸಿದೆ. ಲಾಗ್ ಫೈಲನ್ನೂ ತೆರೆದು ಓದಿದೆ. ಲಾಗ್ ಅಂದರೆ ಬರೀ ದೋಷದ ಸಾಲುಗಳು ಎಂದು ಜನ ತಿಳಿದಿರುತ್ತಾರೆ. ಅದರ ನಡುವೆ ಸದಸ್ಯರ ಮೊಬೈಲ್ ನಂಬರುಗಳಿದ್ದವು, ಒಂದು ಕಡೆ ಡೇಟಾಬೇಸಿನ ಪಾಸ್‌ವರ್ಡೇ ಬಿಚ್ಚುಬಿಚ್ಚಾಗಿ ಕೂತಿತ್ತು. ಅದನ್ನೆಲ್ಲ ಅಳಿಸಿ, ಆ ಪಾಸ್‌ವರ್ಡನ್ನೂ ಬದಲಿಸಿದೆ.

ಡಿಸೆಂಬರ್ 11, ಗುರುವಾರ. ಬಸವಕಲ್ಯಾಣ

ಕಂಪನಿಯಿಂದ ಉತ್ತರ ಬಂತು. ಫೈಲು ಕಳಿಸಲು ಸಪೋರ್ಟ್ ಸರ್ವರ್‌ಗೆ ಎಫ್‌ಟಿಪಿ ಲಾಗಿನ್ ಕೊಡುತ್ತಾರಂತೆ. ಎಫ್‌ಟಿಪಿ ಬೇಡ, ಎಸ್‌ಎಫ್‌ಟಿಪಿ ಕೊಡಿ ಎಂದು ಬರೆದೆ. ಹೆಸರಿನಲ್ಲಿ ಒಂದೇ ಅಕ್ಷರದ ಅಂತರ, ಕೆಲಸ ಮಾಡುವ ರೀತಿಯಲ್ಲಿ ಎರಡಕ್ಕೂ ಸಂಬಂಧವಿಲ್ಲ.

ಎಫ್‌ಟಿಪಿ ನಮ್ಮವರೇ ಕಟ್ಟಿದ್ದು ಎಂಬುದು ನನಗೆ ಯಾವತ್ತೂ ಹೆಮ್ಮೆಯ ಸಂಗತಿ. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್ 1971ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದಾಗ ಅದರ ಮೊದಲ ಕರಡು ಬರೆದರು. ಆಗಿನ ಜಾಲದಲ್ಲಿ ಇದ್ದದ್ದು ಬೆರಳೆಣಿಕೆಯ ವಿಶ್ವವಿದ್ಯಾಲಯ, ಸಂಶೋಧನಾಲಯಗಳ ಕಂಪ್ಯೂಟರುಗಳು, ಒಬ್ಬರಿಗೊಬ್ಬರು ಪರಿಚಯದವರು. ಕದ್ದು ಕೇಳುವವರ ಭಯ ಇರಲಿಲ್ಲ. ಹಾಗಾಗಿ ಅದರಲ್ಲಿ ಪಾಸ್‌ವರ್ಡೂ ಫೈಲೂ ಮುಚ್ಚುಮರೆಯಿಲ್ಲದೆ ಹೋಗುತ್ತವೆ. ಅದು ಅವರ ಕೊರತೆಯಲ್ಲ, ಆ ಕಾಲ ಹಾಗಿತ್ತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಕ್ಕು ಪಾಸ್‌ವರ್ಡ್‌ಗಳನ್ನು ಹೀಗೇ ಕದ್ದು ಕೇಳಿಸಿಕೊಂಡರು. ಅಲ್ಲಿನ ತಾತು ಉಲೊನೆನ್ ಅದನ್ನು ಕಂಡು, ಎಲ್ಲವನ್ನೂ ಮುಚ್ಚಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯದು 21ನೇ ಪೋರ್ಟ್, ಟೆಲ್ನೆಟ್‌ನದು 23. ನಡುವಿನ 22 ಖಾಲಿ ಇತ್ತು, ಅದನ್ನು ಕೇಳಿ ಪಡೆದರು. ಇವತ್ತಿನ ಎಸ್‌ಎಫ್‌ಟಿಪಿ ಓಡುವುದು ಆ ದಾರಿಯಲ್ಲೇ.

ಲಾಗಿನ್ನಿಗೆ ಪಾಸ್‌ವರ್ಡ್ ಬೇಡ, ಕೀಲಿಜೋಡಿ ಇರಲಿ ಎಂದೆ. ನಮ್ಮ ಕಂಪ್ಯೂಟರಿನಲ್ಲೇ ಜೋಡಿ ತಯಾರಿಸಿ, ಬಹಿರಂಗ ಕೀಲಿಯನ್ನು ಅವರಿಗೆ ಕಳಿಸಿದೆ. ಖಾಸಗಿ ಕೀಲಿ ಇಲ್ಲಿಂದ ಕದಲುವುದಿಲ್ಲ.

ಡಿಸೆಂಬರ್ 12, ಶುಕ್ರವಾರ

ಇವತ್ತು ಕಳಿಸಲಿಲ್ಲ. ಕಾಕಾಗೆ ಬೇಸರ, ಕಂಪನಿಯ ಹುಡುಗನಿಗೂ ಬೇಸರ.

ಫೈಲು ಕಳಿಸುವ ವಿನ್‌ಎಸ್‌ಸಿಪಿ ತಂತ್ರಾಂಶ ತೆರೆದು ಅವರ ಸರ್ವರಿನ ವಿಳಾಸ ಹಾಕಿದೆ. ಮೊದಲ ಸಲ ಸೇರುವಾಗ ಒಂದು ಕಿಟಕಿ ಬರುತ್ತದೆ: ಈ ಸರ್ವರ್ ನನಗೆ ಪರಿಚಯವಿಲ್ಲ, ಇದರ ಬೆರಳಚ್ಚು ಇಂತಿದೆ, ಮುಂದುವರಿಯಲೇ? ಶುರುವಿಗೆ ಎಸ್‌ಎಚ್‌ಎ256 ಎಂಬ ಹೆಸರು, ಅದರ ಮುಂದೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಕಲೆತ 43 ಅಕ್ಷರಗಳ ಸಾಲು. ಬಹುತೇಕರು ಇಲ್ಲಿ ಹೌದು ಒತ್ತಿ ಮುಂದೆ ಹೋಗುತ್ತಾರೆ. ಭದ್ರತೆಯೆಲ್ಲ ನಿಂತಿರುವುದು ಆ ಒಂದು ಕಿಟಕಿಯ ಮೇಲೆ. ದಾರಿ ಎಷ್ಟೇ ಬಿಗಿಯಾಗಿರಲಿ, ಆಚೆ ತುದಿಯಲ್ಲಿ ಬೇರೆಯವನು ಕೂತಿದ್ದರೆ ಅವನ ಕೈಗೇ ಭದ್ರವಾಗಿ ಮುಟ್ಟಿಸಿದ ಹಾಗೆ ಆಗುತ್ತದೆ. ಚೆಕ್ಕು ಬಂದಾಗ ನಮೂನೆ ಸಹಿಯ ಕಾರ್ಡ್ ತೆಗೆದು ಪಕ್ಕಕ್ಕಿಟ್ಟು ನೋಡದೆ ಕ್ಯಾಷಿಯರ್ ಹಣ ಕೊಡುತ್ತಾನೆಯೇ? ಇದೂ ಅದೇ ಕೆಲಸ.

ಒಪ್ಪಂದದ ಕಾಗದದಲ್ಲಿರುವ ಕಚೇರಿ ನಂಬರಿಗೆ ನಾನೇ ಫೋನು ಹಚ್ಚಿ ಬೆರಳಚ್ಚು ಓದಿಸಿದೆ. ನಾಲ್ಕನೇ ಅಕ್ಷರಕ್ಕೇ ತಪ್ಪಿತು. ಇನ್ನೊಮ್ಮೆ ಓದಿದರು, ಮತ್ತೆ ತಪ್ಪಿತು. "ಅದೇನೂ ಆಗಲ್ಲ ಮೇಡಂ, ಯೆಸ್ ಕೊಡಿ" ಎಂಬ ಮಾತು ಬಂತು. ಕೊಡಲಿಲ್ಲ. ಕಿಟಕಿ ಮುಚ್ಚಿ, ಕಾರಣವನ್ನು ಲಿಖಿತವಾಗಿ ತಿಳಿಸಿ ಎಂದು ಮೇಲ್ ಬರೆದು ಎದ್ದೆ.

ಡಿಸೆಂಬರ್ 15, ಸೋಮವಾರ

ಕಾರಣ ಗೊತ್ತಾಯಿತು: ಹಿಂದಿನ ತಿಂಗಳು ಸರ್ವರ್ ಬದಲಿಸಿದ್ದಾರೆ, ಸಪೋರ್ಟಿನವರ ಕೈಯಲ್ಲಿದ್ದದ್ದು ಹಳೆಯ ಸರ್ವರಿನ ಬೆರಳಚ್ಚು. ಲೆಟರ್‌ಹೆಡ್ಡಿನಲ್ಲಿ ಹೊಸದನ್ನು ಕಳಿಸಿದರು. ಫೋನಿನಲ್ಲೂ ಓದಿದರು. 43 ಅಕ್ಷರವೂ ಕೂಡಿತು.

ಕಳಿಸುವ ಮುಂಚೆ ಫೈಲನ್ನು ಸೆವೆನ್‌ಜಿಪ್‌ನಲ್ಲಿ ಎಇಎಸ್-256 ಬೀಗ ಹಾಕಿ ಕಟ್ಟಿದೆ. ಒಳಗಿನ ಫೈಲುಗಳ ಹೆಸರೂ ಕಾಣದ ಹಾಗೆ. ದಾರಿಯೇ ಮುಚ್ಚಿದ್ದಾಗ ಗಂಟಿಗೂ ಬೀಗ ಯಾಕೆ ಎಂದು ಹುಡುಗ ಕೇಳಿದ. ನಿಜವಾಗಿ ತಿಳಿದುಕೊಳ್ಳಲಿಕ್ಕೇ ಕೇಳಿದ, ಹಾಗಾಗಿ ಬಿಡಿಸಿ ಹೇಳಿದೆ. ಎಸ್‌ಎಫ್‌ಟಿಪಿ ಕಾಯುವುದು ಹೋಗುವ ದಾರಿಯನ್ನು ಮಾತ್ರ. ಮುಟ್ಟಿದ ಮೇಲೆ ಫೈಲು ಅವರ ಡಿಸ್ಕಿನಲ್ಲಿ ಬಿದ್ದಿರುತ್ತದೆ. 2023ರಲ್ಲಿ ಮೂವ್‌ಇಟ್ ಎಂಬ ತಂತ್ರಾಂಶಕ್ಕೆ ಆದದ್ದು ಇದೇ. ಅದು ಇದ್ದದ್ದೇ ಫೈಲುಗಳನ್ನು ಭದ್ರವಾಗಿ ಸಾಗಿಸಲಿಕ್ಕೆ. ಕ್ಲಾಪ್ ಎಂಬ ಗುಂಪು ಅದರ ಒಂದು ದೋಷ ಹಿಡಿದು ಸರ್ವರುಗಳಲ್ಲಿ ಉಳಿದಿದ್ದ ಫೈಲುಗಳನ್ನು ಹೊತ್ತೊಯ್ದಿತು. ಬಿಬಿಸಿಯ ನೌಕರರ ಮಾಹಿತಿಯೂ ಹೋಯಿತು, ಅದೂ ಅವರ ಸಂಬಳದ ಲೆಕ್ಕ ನೋಡುವ ಇನ್ನೊಂದು ಕಂಪನಿಯ ಮೂಲಕ.

ಬೀಗದ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿದೆ, ಮೇಲ್‌ನಲ್ಲಿ ಬರೆಯಲಿಲ್ಲ. ಫೈಲು ಮುಟ್ಟಿದ ಮೇಲೆ ಎರಡೂ ಕಡೆ ಅದರ ಹ್ಯಾಷ್, ಅಂದರೆ ಫೈಲಿನದೇ ಬೆರಳಚ್ಚು, ತೆಗೆದು ಪೂರ್ತಿ ತಾಳೆ ನೋಡಿದೆವು. ಸರಿ ಇತ್ತು.

ಡಿಸೆಂಬರ್ 16, ಮಂಗಳವಾರ

ಇವತ್ತು ಕಂಡದ್ದರಿಂದ ಮನಸ್ಸು ಸರಿ ಇಲ್ಲ. ಕಂಪನಿಯ ಜೊತೆಗಿನ ಹಳೆ ಪತ್ರವ್ಯವಹಾರ ಹುಡುಕುವಾಗ, ನಾನು ಇಲ್ಲಿ ಸೇರುವುದಕ್ಕೂ ಮುಂಚಿನ 2021ರ ಒಂದು ಮೇಲ್ ಸಿಕ್ಕಿತು. ಅದರಲ್ಲಿ ಡ್ರೈವ್ ಲಿಂಕ್. ಒತ್ತಿದರೆ ಇವತ್ತಿಗೂ ತೆರೆಯಿತು: ಪೂರ್ತಿ ಬ್ಯಾಕಪ್, ಬೀಗವಿಲ್ಲ, ಲಿಂಕ್ ಇದ್ದವರು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾಲ್ಕು ವರ್ಷ ಹಾಗೇ ಇತ್ತು.

ಕಾಕಾರನ್ನು ಕರೆದು ತೋರಿಸಿದೆ. ತೆರೆಯ ಮೇಲೆ ಫೈಲಿನ ಹೆಸರಿನಲ್ಲೇ ನಮ್ಮ ಸಹಕಾರಿಯ ಹೆಸರಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು. "ಮೊದ್ಲು ಅಳಸವ್ವಾ" ಎಂದರು. ಮೊದಲು ಹಂಚಿಕೆ ನಿಲ್ಲಿಸಿ, ಎಲ್ಲದರ ಚಿತ್ರ ತೆಗೆದಿಟ್ಟು, ಆಮೇಲೆ ಅಳಿಸಿದೆ. ಯಾರಾದರೂ ಇಳಿಸಿಕೊಂಡ ಕುರುಹು ಸಿಕ್ಕರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್‌ಗೆ ತಿಳಿಸಬೇಕು. 2022ರ ಅವರ ನಿರ್ದೇಶನದಂತೆ, ಗಮನಕ್ಕೆ ಬಂದ ಆರು ಗಂಟೆಯೊಳಗೆ. ಡ್ರೈವಿನ ಚಟುವಟಿಕೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೆ ಲಾಗಿನ್ ಇಲ್ಲದೆ ಇಳಿಸಿಕೊಂಡವರ ಹೆಸರು ಅಲ್ಲಿ ಬೀಳುವುದಿಲ್ಲ. ಆಡಳಿತ ಮಂಡಳಿಗೆ ಇದಿಷ್ಟನ್ನೂ ಬಿಡದೆ ಬರೆದುಕೊಟ್ಟೆ. ಕಾಕಾ ಸಹಿ ಹಾಕಿದರು.

ಡಿಸೆಂಬರ್ 19, ಶುಕ್ರವಾರ

ಎಳ್ಳ ಅಮಾವಾಸ್ಯೆ. ಅಕ್ಕನ ಮನೆಯವರ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದೆವು. ಸಾಫ್ಟ್‌ವೇರಿನ ತಿದ್ದುಪಡಿ ಕಂಪನಿಯಿಂದ ನಿನ್ನೆ ಸಂಜೆಯೇ ಬಂದಿದೆ.

ಡಿಸೆಂಬರ್ 22, ಸೋಮವಾರ. ಹುಮನಾಬಾದ್

ತಿದ್ದುಪಡಿ ಹಾಕಿ, ಏಜೆಂಟ್ ಅಣ್ಣನನ್ನು ಸ್ಟೇಷನ್ ಕಡೆಯ ಓಣಿಗೇ ಕಳಿಸಿ ನೋಡಿದೆ. ಯಂತ್ರ ಎರಡು ಸಲ ಕಳಿಸಿತು, ಲೆಕ್ಕಕ್ಕೆ ಏರಿದ್ದು ಒಂದೇ ಸಲ. ಹಿಂದಿನ ದುಪ್ಪಟ್ಟು ಜಮೆಗಳನ್ನು ತಿಜೋರಿಯ ಪಟ್ಟಿ ಹಿಡಿದು ಒಂದೊಂದಾಗಿ ತೆಗೆದೆವು. ಹೂವಿನ ಅಮ್ಮ ಹೊಸ ಪಾಸ್‌ಬುಕ್ ಸಾಲುಗಳನ್ನು ಮೊಮ್ಮಗಳ ಕೈಯಲ್ಲಿ ಓದಿಸಿ, "ಈಗ ಬರೋಬರಿ ಆತು" ಎಂದರು.

ಕಂಪನಿಯಿಂದ ಫೈಲು ಅಳಿಸಿದ ಬಗ್ಗೆ ಪತ್ರ ಬಂದಿದೆ. ಅದರಲ್ಲಿ ಸರ್ವರಿನಿಂದ ಅಳಿಸಿದ್ದು ಮಾತ್ರ ಇದೆ. ಆ ಸರ್ವರಿನ ಬ್ಯಾಕಪ್‌ಗಳ ಮಾತಿಲ್ಲ, ದೋಷ ಹುಡುಕಿದವರ ಲ್ಯಾಪ್‌ಟಾಪಿಗೆ ಇಳಿಸಿದ ಪ್ರತಿಗಳ ಮಾತಿಲ್ಲ, 2021ರಲ್ಲಿ ಅವರು ಇಳಿಸಿಕೊಂಡ ಪೂರ್ತಿ ಬ್ಯಾಕಪ್ಪಿನ ಮಾತಂತೂ ಇಲ್ಲವೇ ಇಲ್ಲ. ಮೂರನ್ನೂ ಬೇರೆಬೇರೆಯಾಗಿ ಹೆಸರಿಸಿ ಮರುಪತ್ರ ಬರೆದೆ. ಉತ್ತರ 31ರೊಳಗೆ ಬೇಕೆಂದು ಕೇಳಿದ್ದೇನೆ. ಆಡಳಿತ ಮಂಡಳಿಯ ಸಭೆ ಅದರ ನಂತರವೇ ಇದೆ.