ಗಾಲಿಯ ಮನೆಯ ಹೊಸಿಲು

ಅಮ್ಮ ತನ್ನ ತಂಗಿಯನ್ನು ನೋಡಿ ಒಂಬತ್ತು ವರ್ಷವಾಗಿತ್ತು. ಚಿಕ್ಕಮ್ಮ ಕೆನಡಾದ ಕ್ಯಾಲ್ಗರಿಯಲ್ಲಿ ಮಗಳ ಜೊತೆಗಿದ್ದಾಳೆ. ನಾವಿರುವುದು ಅಮೆರಿಕದ ಸಿಯಾಟಲ್‌ನಲ್ಲಿ. ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ, ರಾಕಿ ಪರ್ವತಗಳು, ಒಂದು ಗಡಿ. ಆರು ತಿಂಗಳಿಗೆಂದು ಬಂದಿದ್ದ ಅಮ್ಮನಿಗೆ ಮಂಡಿನೋವು. ಹೋಟೆಲ್ ಊಟ ಆಗದು, ಕಂಡಕಂಡಲ್ಲಿ ಬಚ್ಚಲಿಗೆ ಹೋಗುವುದೂ ಆಗದು. ಅದಕ್ಕೇ ಮೋಟರ್ ಹೋಮ್ ಬಾಡಿಗೆಗೆ ತಂದೆ. 25 ಅಡಿ ಉದ್ದದ ಗಾಡಿ. ಒಳಗೆ ಒಲೆ, ಫ್ರಿಜ್, ಮಂಚ, ಸ್ನಾನದ ಗೂಡು. ಅಮ್ಮ ಒಳಗೆಲ್ಲ ಒಂದು ಸುತ್ತು ಹಾಕಿ, ಒಲೆಯ ಮೇಲಿನ ಕಪಾಟಿನಲ್ಲಿ ಸಾಸಿವೆ ಡಬ್ಬಿ ಇಟ್ಟಳು. ಅಲ್ಲಿಂದ ಮುಂದೆ ಅವಳ ಪಾಲಿಗೆ ಅದು ಮನೆಯೇ.

ಬ್ಲೇನ್ ಎಂಬ ಊರಿನ ಬಳಿ ಗಡಿ. ಹೆದ್ದಾರಿಯ ಪಕ್ಕದ ಹುಲ್ಲುಹಾಸಿನಲ್ಲಿ 1921ರಲ್ಲಿ ಕಟ್ಟಿದ ಬಿಳಿಯ ಶಾಂತಿ ಕಮಾನಿದೆ. ಅದರ ಒಂದು ಕಾಲು ಅಮೆರಿಕದಲ್ಲಿ, ಇನ್ನೊಂದು ಕೆನಡಾದಲ್ಲಿ. ಒಳಗೆ ಸದಾ ತೆರೆದೇ ಇರುವ ಕಬ್ಬಿಣದ ಬಾಗಿಲುಗಳಿವೆ. "ಹಾಕದ ಬಾಗಿಲು ಯಾಕೆ ಮಾಡಿಸಿದರೋ?" ಎಂದಳು ಅಮ್ಮ. ಕೆನಡಾದ ಅಧಿಕಾರಿ ಪಾಸ್‌ಪೋರ್ಟು, ವೀಸಾ, ಗಾಡಿಯನ್ನು ಗಡಿ ದಾಟಿಸಲು ಬಾಡಿಗೆ ಕಂಪನಿ ಕೊಟ್ಟ ಪತ್ರ ನೋಡಿ, ನಾಲ್ಕು ಪ್ರಶ್ನೆ ಕೇಳಿ ಬಿಟ್ಟರು.

ಕ್ಯಾಲ್ಗರಿಯಲ್ಲಿ ಅಕ್ಕತಂಗಿಯರು ಮೂರು ದಿನ ಮಾತಾಡಿದರು, ಮೂರು ರಾತ್ರಿಯೂ ಮಾತಾಡಿದರು. ಹೊರಡುವ ದಿನ ಚಿಕ್ಕಮ್ಮ ಒಂದು ಕುಂಡ ತಂದಳು. ಮೊಣಕಾಲೆತ್ತರದ ಕರಿಬೇವಿನ ಗಿಡ. ಅಲ್ಲಿನ ಹಿಮದಲ್ಲಿ ಕಿಟಕಿಯಿಂದ ಕಿಟಕಿಗೆ ಬಿಸಿಲು ಹುಡುಕಿ ಸಾಕಿದ್ದು. "ಅಕ್ಕಾ, ನೀನು ಹೋದ ಮೇಲೂ ಇವನ ಒಗ್ಗರಣೆಗೆ ಇರಲಿ" ಎಂದಳು.

ಕರಿಬೇವನ್ನು ಅಮೆರಿಕದೊಳಗೆ ತರುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅಲ್ಲಿ ಬಾಯಿ ಬರಲಿಲ್ಲ. ದಾರಿಯಲ್ಲಿ ಹೇಳಿದೆ. ಅಮ್ಮ ಮಾತಾಡಲಿಲ್ಲ. ಗಡಿ ಹತ್ತಿರವಾದಾಗ ನೋಡಿದರೆ ಕುಂಡ ಕಾಣಲಿಲ್ಲ. ಸ್ನಾನದ ಗೂಡಿನ ಪರದೆಯ ಹಿಂದಿತ್ತು.

"ಮನೆಯೊಳಗೆ ಬಂದು ಬಚ್ಚಲು ನೋಡ್ತಾರೇನೋ?" ಎಂದಳು.

ನೋಡುತ್ತಾರೆ. ಪೊಲೀಸರ ತಪಾಸಣೆಯ ಮಟ್ಟಿಗೆ ಮೋಟರ್ ಹೋಮ್ ಮನೆಯಲ್ಲ, ವಾಹನ ಎಂದು ಅಮೆರಿಕದ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಗಡಿಯಲ್ಲಂತೂ ವಾರಂಟಿನ ಮಾತೇ ಇಲ್ಲ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ನನ್ನದೇ ಪಾಸ್‌ಪೋರ್ಟು. ಅದರಲ್ಲಿದ್ದ ಎಚ್-1ಬಿ ವೀಸಾದ ಅವಧಿ ಮುಗಿದಿತ್ತು. ಐ-94 ಚಾಲ್ತಿಯಲ್ಲಿದ್ದು, ಕೆನಡಾಕ್ಕೆ ಹೋಗಿ 30 ದಿನದೊಳಗೆ ಮರಳಿದರೆ ಹಳೆಯ ವೀಸಾದಲ್ಲೇ ಒಳಬರಲು ನಿಯಮದಲ್ಲಿ ಅವಕಾಶವಿದೆ. ಅಂಥ ಎಳೆಯ ಮೇಲೆ ನಿಂತವನು ಸುಳ್ಳು ಹೇಳುವುದೇ?

"ಹಣ್ಣು, ತರಕಾರಿ, ಗಿಡ ಏನಾದರೂ?" ಕೇಳಿದರು ಅಧಿಕಾರಿ. 'ಇಲ್ಲ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. "ಒಂದು ಗಿಡ ಇದೆ" ಎಂದೆ. ಹಿಂದಿನ ಸೀಟಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಗಾಡಿಯನ್ನು ಪಕ್ಕಕ್ಕೆ ಹಾಕಿಸಿದರು. ಇನ್ನೊಬ್ಬ ಅಧಿಕಾರಿ ಮೆಟ್ಟಿಲು ಹತ್ತಿ ಒಳಬಂದು ಫ್ರಿಜ್ ತೆಗೆದರು, ಕಪಾಟು ತೆಗೆದರು. ಕೋಪದಲ್ಲಿದ್ದರೂ ಅಮ್ಮನ ಬಾಯಿಂದ ಬಂದದ್ದು, "ಕಾಫಿ ಕುಡೀತಾರಾ ಕೇಳು." ನಾನು ಕೇಳಲಿಲ್ಲ.

ಅವರು ಗಿಡದ ಎಲೆ ತಿರುಗಿಸಿ ನೋಡಿ ಕಾರಣ ಹೇಳಿದರು. ಕರಿಬೇವು ನಿಂಬೆ, ಕಿತ್ತಳೆಯ ಕುಲದ್ದೇ. ಅದರ ಚಿಗುರಿನಲ್ಲಿ ಎಳ್ಳುಕಾಳಿನಷ್ಟು ಸಣ್ಣ ಕೀಟ ಬದುಕುತ್ತದೆ. ಅದು ಕಿತ್ತಳೆ ಮರಗಳಿಗೆ ಗ್ರೀನಿಂಗ್ ಎಂಬ ರೋಗ ಹರಡುತ್ತದೆ. ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ರೋಗ ಅಲ್ಲಿನ ತೋಟಗಳನ್ನೇ ಬರಿದು ಮಾಡಿದೆ. ಎಲೆ ಹಳದಿಯಾಗುತ್ತದೆ, ಕಾಯಿ ಸೊಟ್ಟಗಾಗಿ ಹಸಿರಾಗೇ ಉದುರುತ್ತದೆ. ಮದ್ದಿಲ್ಲ.

ನಾನು ಅನುವಾದಿಸುತ್ತಾ ಹೋದಂತೆ ಅಮ್ಮ ಇತ್ತ ತಿರುಗಿದಳು. ಮಡಿಕೇರಿಯ ಬಳಿ ಅಜ್ಜನಿಗೆ ಕಾಫಿ ತೋಟವಿತ್ತು. ಕಾಫಿಯ ನಡುವೆ ಕಿತ್ತಳೆ. ಕೊಡಗಿನ ಕಿತ್ತಳೆ ಕ್ಷೀಣಿಸಿದ್ದಕ್ಕೆ ಹಲವು ಕಾರಣಗಳಿವೆ, ಈ ರೋಗವೂ ಒಂದು. ಅಜ್ಜ ಮರಗಳನ್ನು ಒಂದೊಂದಾಗಿ ಕಡಿಸಿದ್ದನ್ನು ಅಕ್ಕತಂಗಿ ಇಬ್ಬರೂ ನೋಡಿದ್ದರು.

"ನಮ್ಮ ತೋಟದ್ದೂ ಹೀಗೇ ಅಲ್ವೇನೋ" ಎಂದಳು. ಕುಂಡವನ್ನು ತಾನೇ ಎತ್ತಿ ಅಧಿಕಾರಿಯ ಕೈಗೆ ಕೊಟ್ಟಳು. ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರು. ಮೊದಲೇ ಹೇಳಿದ್ದರಿಂದ ದಂಡ ಹಾಕಲಿಲ್ಲ. ನನ್ನ ಕಾಗದಗಳೂ ಸರಿ ಬಂದವು.

ಸಿಯಾಟಲ್ ಮುಟ್ಟಿ ಗಾಡಿ ತೊಳೆಯುವಾಗ ಸ್ನಾನದ ಗೂಡಿನ ನೆಲದಲ್ಲಿ ಕುಂಡ ಕೂತಿದ್ದ ಕಡೆ ಮಣ್ಣಿನ ದುಂಡು ಗುರುತಿತ್ತು. ಅಷ್ಟರಲ್ಲಿ ಚಿಕ್ಕಮ್ಮನ ಫೋನ್ ಬಂತು.

"ತಲುಪಿದೆವು ಕಣೇ. ಗಿಡಾನೂ ಚೆನ್ನಾಗಿದೆ, ಬಿಸಿಲಲ್ಲಿಟ್ಟಿದ್ದೇನೆ" ಎಂದಳು ಅಮ್ಮ.

ಗಡಿಯಲ್ಲಿ ನಿಜ ಹೇಳಿದ್ದ ನಾನು ಪೈಪು ಹಿಡಿದು ಸುಮ್ಮನೆ ಆ ಗುರುತು ತೊಳೆದೆ.