ನೆಹರೂ ಪ್ಲೇಸಿನ ಲೆಕ್ಕ

ಧಾರವಾಡದಿಂದ ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ಬಂದ ಮೇಲೆ ಮಗನಿಗೆ ಹಳೆಯ ಗೆಳೆಯರು ಸಿಗುತ್ತಿದ್ದದ್ದು ಆನ್‌ಲೈನ್ ಆಟದಲ್ಲಿ ಮಾತ್ರ. ಅದಕ್ಕೊಂದು ಕಂಪ್ಯೂಟರ್ ಬೇಕಿತ್ತು. 2023ರ ಮಾತು, ಮಾನಿಟರ್ ಸೇರಿ 45 ಸಾವಿರ ದಾಟಬಾರದು ಎಂದಿದ್ದೆ.

ಐಎನ್‌ಎಯಲ್ಲಿ ಪಿಂಕ್ ಲೈನ್ ಹತ್ತಿ, ಲಜಪತ್ ನಗರದಲ್ಲಿ ವೈಲೆಟ್ ಲೈನಿಗೆ ಬದಲಾಯಿಸಿ ನೆಹರೂ ಪ್ಲೇಸಿಗೆ ಹೋದೆವು. ನಮ್ಮ ಎಸ್.ಪಿ. ರೋಡಿಗೆ ಹಿಂದಿ ಕಲಿಸಿದಂತಿದೆ ಆ ಜಾಗ. ಅಂಗಡಿಯವನು ಬಣ್ಣದ ದೀಪಗಳ ಕ್ಯಾಬಿನೆಟ್ ತೋರಿಸಿದ. ಮಗನ ಕಣ್ಣೂ ಅಲ್ಲೇ ನೆಟ್ಟಿತು. ಆದರೆ ಗ್ರಾಫಿಕ್ಸ್ ಕಾರ್ಡೊಂದಕ್ಕೇ ಅರ್ಧ ದುಡ್ಡು ಹೋಗುತ್ತಿತ್ತು. ಕೊನೆಗೆ ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 5600ಜಿ ಆರಿಸಿದೆವು. 6 ಕೋರ್, ವ್ಯಾಲೊರಂಟ್‌ಗೆ ಸಾಕು. ಈ ಚಿಪ್ಪು ಗ್ರಾಫಿಕ್ಸಿಗೂ ರ‍್ಯಾಮನ್ನೇ ಬಳಸುತ್ತದೆ. ಹಾಗಾಗಿ 16 ಜಿಬಿಯದು ಒಂದು ಹಾಕುವ ಬದಲು 8 ಜಿಬಿಯವು ಎರಡು ಹಾಕಿದರೆ ಆಟ ಚುರುಕಾಗುತ್ತದೆ. ಇದು ಮಗ ನನಗೆ ಹೇಳಿಕೊಟ್ಟ ಪಾಠ. ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ನನ್ನದೇ ಹಟ: ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದು ಬೇಡ, ಮುಂದೆ ಕಾರ್ಡ್ ಹಾಕಿದರೂ ತಡೆಯುವಂಥದ್ದು ಬೇಕು. ದೀಪಗಳು ಅಂಗಡಿಯಲ್ಲೇ ಉಳಿದವು.

ಶಾಲೆಯಲ್ಲಿ ದಿನವಿಡೀ ಹಿಂದಿ ಮಾತಾಡುವ ಹುಡುಗ ರಾತ್ರಿ ಹೆಡ್‌ಫೋನ್ ಹಾಕಿಕೊಂಡು "ಲೇ, ಹಿಂದ್ ನೋಡಲೇ!" ಎಂದು ಕೂಗುತ್ತಾನೆ. ಹನ್ನೊಂದಾಯಿತು, ಮಲಗು ಎನ್ನಲು ಹೋದವನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ.